ಗೆರೆಯ ಆಚೆ ಬೊಮ್ಮಯ್ಯ, ಗೆರೆಯ ಈಚೆ ಸಂಕವ್ವ

ಒಂದಾನೊಂದು ಊರಿನಲ್ಲಿ, ಊರು ಎಲ್ಲಿತ್ತು ಅಂತ ಕೇಳಬೇಡಿ, ಹೇಳಿದರೆ ಈಗಲೇ ಎದ್ದು ಹೊರಟುಬಿಡ್ತೀರಿ, ಸರಿಸಮರಾಯ ಅಂತ ಒಬ್ಬ ರಾಜ ಇದ್ದ. ಒಂದು ದಿನ ಊಟಕ್ಕೆ ಕೂತವನು ಬಡಿಸಿದ್ದನ್ನು ಬಿಟ್ಟು ಬಾಳೆಎಲೆಯನ್ನೇ ನೋಡಿದ. ನಡುವೆ ಒಂದು ದಂಟು. ಆಚೆ ಎಷ್ಟು ಗೆರೆಯೋ ಈಚೆಯೂ ಅಷ್ಟೇ ಗೆರೆ. ಅಷ್ಟರಲ್ಲಿ ಉಪ್ಪಿನಕಾಯಿಯ ಪಕ್ಕ ಒಂದು ಚಿಟ್ಟೆ ಬಂದು ಕೂತಿತು. ಎಡರೆಕ್ಕೆಯಲ್ಲಿ ಎಲ್ಲಿ ಚುಕ್ಕಿಯೋ ಬಲರೆಕ್ಕೆಯಲ್ಲೂ ಅಲ್ಲೇ ಚುಕ್ಕಿ. ರಾಜ ಊಟ ಬಿಟ್ಟು ಎದ್ದ. ಎಲೆಗೆ ಗೊತ್ತಿರುವುದು, ಚಿಟ್ಟೆಗೆ ಗೊತ್ತಿರುವುದು ನನ್ನ ರಾಜ್ಯಕ್ಕೆ ಗೊತ್ತಿಲ್ಲವಲ್ಲ ಅಂತ ಕೊರಗಿದ.

ಮಾರನೆಯ ದಿನವೇ ರಾಜ್ಯದ ನಟ್ಟನಡುವೆ ಸುಣ್ಣದ ಗೆರೆ ಎಳೆಸಿದ. ಆಚೆ ಏನಿದೆಯೋ ಈಚೆಯೂ ಅದೇ ಇರಬೇಕು ಅಂತ ಡಂಗುರ ಸಾರಿಸಿದ. ಆಚೆ ಬಾವಿ ಇದ್ದರೆ ಈಚೆಯೂ ತೋಡಿದರು. ಈಚೆ ಗುಡ್ಡ ಇದ್ದರೆ ಅರ್ಧ ಹೊತ್ತುಕೊಂಡು ಹೋಗಿ ಆಚೆ ಹಾಕಿದರು. ಒಂದು ಕೈ ದೊಡ್ಡದು, ಒಂದು ಕೈ ಚಿಕ್ಕದು ಇದ್ದ ಏಡಿಯನ್ನು ಆಸ್ಥಾನಕ್ಕೆ ಕರೆಸಿ ಕಾರಣ ಕೇಳಿದರು. ದೊಡ್ಡದು ಜಗಳಕ್ಕೆ, ಚಿಕ್ಕದು ಊಟಕ್ಕೆ ಅಂತ ಏಡಿ ಹೇಳಿತು. ಅದನ್ನು ಗಡೀಪಾರು ಮಾಡಿದರು. ಏಡಿ ಪಕ್ಕಕ್ಕೆ ಪಕ್ಕಕ್ಕೆ ನಡೆಯಿತು. ಹಾಗಾಗಿ ಅದು ಇನ್ನೂ ಗಡಿ ಮುಟ್ಟಿಲ್ಲ.

ಈ ರಾಜ್ಯದಲ್ಲಿ ಸಂಕವ್ವ, ಬೊಮ್ಮಯ್ಯ ಅಂತ ಗಂಡಹೆಂಡಿರು ಚಾಪೆ ಹೆಣೆದು ಬದುಕುತ್ತಿದ್ದರು. ಅವಳು ಒಂದು ಅಂಚಿನಿಂದ, ಅವನು ಇನ್ನೊಂದು ಅಂಚಿನಿಂದ ಹೆಣೆಯುತ್ತಾ ಬರುತ್ತಿದ್ದರು. ನಡುವೆ ಬೆರಳಿಗೆ ಬೆರಳು ತಾಗಿದರೆ ಚಾಪೆ ಮುಗಿಯಿತು ಅಂತ ಲೆಕ್ಕ. ರಾಜನ ಮಂದಿ ಬಂದು ನೋಡಿದರು. ಈಚೆ ಚಾಪೆಯವರು ಇಬ್ಬರು, ಆಚೆ ಒಬ್ಬರೂ ಇಲ್ಲ. ಬೊಮ್ಮಯ್ಯನನ್ನು ಆಚೆ ಕಳಿಸಿದರು. ಇವಳ ಗುಡಿಸಲಿನಂಥದ್ದೇ ಗುಡಿಸಲು, ಇವಳ ಒಲೆಯಂಥದ್ದೇ ಒಲೆ ಕಟ್ಟಿಕೊಟ್ಟರು. ಇನ್ನು ಮೇಲೆ ಅವಳು ಮಾಡಿದ್ದನ್ನು ಅವನು, ಅವನು ಮಾಡಿದ್ದನ್ನು ಅವಳು ಮಾಡಬೇಕು ಅಂತ ಅಪ್ಪಣೆಯಾಯಿತು.

ಅವಳು ಎಡಗೈ ಎತ್ತಿದರೆ ಗೆರೆಯಾಚೆ ಅವನು ಬಲಗೈ ಎತ್ತಿದ. ಅವಳು ರೊಟ್ಟಿ ತಟ್ಟಿದರೆ ಅವನೂ ತಟ್ಟಿದ. ಅವಳು ಅತ್ತರೆ ಅವನೂ ಅತ್ತ. ಮೊದಮೊದಲು ಅವಳಿಗೆ ಅದೇ ಸಮಾಧಾನ. ಆಮೇಲೆ ಎದೆಯಲ್ಲಿ ಒಂದು ಮುಳ್ಳು ಮುರಿದುಕೊಂಡಿತು. ಇವನು ನನ್ನ ನೆನಪಾಗಿ ಅಳುತ್ತಾನೋ, ಅಪ್ಪಣೆಯಾಗಿದೆ ಅಂತ ಅಳುತ್ತಾನೋ? ನೋಡೇಬಿಡೋಣ ಅಂತ ಒಂದು ದಿನ ಏನೂ ಮಾಡದೆ ಕೂತಳು. ಅವನೂ ಏನೂ ಮಾಡದೆ ಕೂತ. ಇಬ್ಬರ ಒಲೆಯೂ ಆರಿತು. ಅವಳಿಗೆ ಏನೂ ತಿಳಿಯಲಿಲ್ಲ.

ಗೆರೆಯ ಹತ್ತಿರ ಹೋಗಿ, ಸ್ವಲ್ಪ ಸರಿದುಕೋ ಅಪ್ಪಾ, ಅವನ ಬೆರಳು ಮುಟ್ಟಿ ಬರ್ತೀನಿ ಅಂತ ಕೇಳಿಕೊಂಡಳು. ಗೆರೆ ನಿಟ್ಟುಸಿರು ಬಿಟ್ಟಿತು. "ಎಲ್ಲಿಗೆ ಸರಿಯಲಿ ತಾಯಿ? ಈಚೆ ಸರಿದರೆ ಆಚೆ ಹೆಚ್ಚಾಗುತ್ತೆ, ಆಚೆ ಸರಿದರೆ ಈಚೆ ಹೆಚ್ಚಾಗುತ್ತೆ. ನನ್ನನ್ನು ಎಳೆಸಿದವನನ್ನೇ ಕೇಳು."

ರಾಜ ಗೆರೆಯ ಮೇಲೆಯೇ ಸಿಂಹಾಸನ ಹಾಕಿಕೊಂಡು ಒಂದು ಕಾಲು ಆಚೆ, ಒಂದು ಕಾಲು ಈಚೆ ಇಟ್ಟು ಕೂತಿದ್ದ. ಸಂಕವ್ವ ಈಚೆಯಿಂದ ಹೋದಳು. ಅವಳು ಹೋದಳು ಅಂತ ಬೊಮ್ಮಯ್ಯ ಆಚೆಯಿಂದ ಹೋದ. ಕಾವಲಿನವರು ಇಬ್ಬರನ್ನೂ ಕೂಗಳತೆಯ ದೂರದಲ್ಲಿ ತಡೆದು ನಿಲ್ಲಿಸಿದರು. ನಿಂತದ್ದೇ ಅವಳಿಗೆ ಬಿಕ್ಕಳಿಕೆ ಶುರುವಾಯಿತು. ಆಚೆ ಅವನಿಗೂ ಶುರುವಾಯಿತು. ಅದೇನು ಸದ್ದು ಅಂತ ರಾಜ ಕೇಳಿದ. ದೂರದಲ್ಲಿರೋರು ನೆನೆಸಿಕೊಂಡರೆ ಹೀಗಾಗುತ್ತೆ ಅಂತ ಸಂಕವ್ವ ಹೇಳಿದಳು. ಹೇಳುತ್ತಾ ಹೇಳುತ್ತಾ, ಇದೂ ಅಪ್ಪಣೆಯ ಬಿಕ್ಕಳಿಕೆಯೋ ಏನೋ ಅಂತ ಅವಳು ಆಚೆ ತಿರುಗಿ ನೋಡಿದಳು.

ರಾಜ ತನ್ನ ಗಂಟಲು ಮುಟ್ಟಿ ನೋಡಿಕೊಂಡ. ಹುಟ್ಟಿದಾಗಿನಿಂದ ಅವನಿಗೆ ಬಿಕ್ಕಳಿಕೆ ಬಂದೇ ಇರಲಿಲ್ಲ. ಎಲ್ಲರಿಗೂ ಗೆರೆಯಾಚೆ ಒಂದು ಜೊತೆ ಇತ್ತು. ನಡುವೆ ಕೂತವನ ಎಡಕ್ಕೆ ಅವನ ಬಲವೇ ಜೊತೆ.

"ನನ್ನನ್ನು ಯಾರೂ ನೆನೆಯುವುದಿಲ್ಲವೇನಮ್ಮ?" ಅಂದ.

"ನಾನು ನೆನೀತೀನಿ ಬುದ್ಧಿ. ನೀವು ಗೆರೆ ಅಳಿಸಿ."

ಮೊದಲು ನೆನೆ ಅಂದ ರಾಜ. ಸಂಕವ್ವ ಕಣ್ಣು ಮುಚ್ಚಿದಳು. ರಾಜನನ್ನು ನೆನೆಯಹೋದರೆ ಬೊಮ್ಮಯ್ಯ ಅಡ್ಡ ಬರುತ್ತಿದ್ದ. ಅವನನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು. ನಿದ್ದೆಯಲ್ಲೂ ಒಂದು ಮಗ್ಗುಲಿಗೆ ಹೊರಳಲಾರದೆ ಅಂಗಾತ ಮಲಗುವ ರಾಜ ಕಣ್ಣಿಗೆ ಕಟ್ಟಿದ. ಅಯ್ಯೋ ಪಾಪ ಅನ್ನಿಸಿತು. ಆ ಕ್ಷಣವೇ ರಾಜನಿಗೆ ಬಿಕ್ಕಳಿಕೆ ಬಂತು. ಎಂಥ ಬಿಕ್ಕಳಿಕೆ ಅಂದರೆ ಕಿರೀಟ ಒಂದು ಕಡೆಗೆ ವಾಲಿತು. ಅವನು ಅದನ್ನು ಸರಿಮಾಡಿಕೊಳ್ಳಲಿಲ್ಲ. ಹಾಗೇ ಕೂತು ಇನ್ನೊಂದು ಬರುತ್ತದೋ ಅಂತ ಕಾದ.

ಗೆರೆ ತಾನೇ ಎದ್ದು ಮೈಕೊಡವಿಕೊಂಡು ಹೊರಟುಹೋಯಿತು.

ಈಗ ಅವಳಿಗೂ ಅವನಿಗೂ ನಡುವೆ ಬರೀ ನೆಲ. ಅವಳ ಕಾಲು ಓಡುತ್ತೇನೆ ಅಂತು. ಓಡಿದರೆ ಅವನೂ ಓಡಿ ಬರುತ್ತಾನೆ, ಏನೂ ತಿಳಿಯುವುದಿಲ್ಲ ಅಂತ ಅವಳು ಒಂದು ಕಾಲಿನಿಂದ ಇನ್ನೊಂದನ್ನು ಅದುಮಿ ಹಿಡಿದು ನಿಂತಳು. ಅವನೂ ನಿಂತ. ಬಿಸಿಲು ನೆತ್ತಿಗೆ ಬಂತು. ಬಿಸಿಲು ಇಳಿಯಿತು. ಅವಳ ಕಣ್ಣು ಉರಿಯಿತು, ಮುಚ್ಚಲಿಲ್ಲ.

ಆಗ ಬೊಮ್ಮಯ್ಯ ಒಂದು ಹೆಜ್ಜೆ ಇಟ್ಟ. ಅವಳು ಕದಲಲಿಲ್ಲ. ಅವನು ಇನ್ನೊಂದು ಇಟ್ಟ. ಎಡವಿದ, ಸಾವರಿಸಿಕೊಂಡ, ನಡೆದೇ ನಡೆದ. ಅವಳ ಮುಂದೆ ಬಂದು ನಿಂತ.

"ನೀನು ಬರಲಿಲ್ಲ," ಅಂದ.

"ಇಲ್ಲ," ಅಂದಳು.

"ನಾನು ಬಂದೆ."

ಅವಳು ನಕ್ಕಳು. ಅವನು ಅಳುತ್ತಿದ್ದ.

ಕತೆ ಇಷ್ಟೇ. ನೀತಿ ಬೇಕು ಅನ್ನುವವರು ಬಾಗಿಲ ಹತ್ತಿರ ಕೂತಿರಿ, ಅದು ಇನ್ನೂ ದಾರಿಯಲ್ಲಿದೆ.