ಬೂದಯ್ಯ ಮೇಷ್ಟ್ರ ಹೋಲಿಕೆ ಪಾಠ

ಊರಿನ ಬೇಲಿ ದಾಟಿದರೆ ಶುರುವಾಗುತ್ತಿದ್ದ ಒಂದು ಕಾಡಿನಲ್ಲಿ ಸೂಜವ್ವ ಎಂಬ ಮುಳ್ಳುಹಂದಿ ಇದ್ದಳು. ನೆಲ ಅಗೆದು ಗೆಡ್ಡೆ ಗೆಣಸು ತೆಗೆಯುವುದು ಅವಳ ಕಸುಬು. ನಡಿಗೆ ನಿಧಾನ, ಮಾತು ಕಡಿಮೆ. ತಾನು ನಿಧಾನ ಎಂಬುದು ಅವಳಿಗೆ ಗೊತ್ತಿತ್ತು. ಅದೊಂದು ಕೊರತೆ ಎಂದು ಮಾತ್ರ ಯಾವತ್ತೂ ಅನಿಸಿರಲಿಲ್ಲ, ಬೂದಯ್ಯ ಬರುವವರೆಗೆ.

ಬೂದಯ್ಯ ಒಬ್ಬ ನರಿ. ಊರ ಶಾಲೆಯ ಹಿಂದೆ ಬಿಸಿಯೂಟದ ಎಂಜಲು ತಿಂದುಕೊಂಡು ಬಿದ್ದಿದ್ದವನು. ಎಂಜಲು ಗುಂಡಿಯ ಪಕ್ಕದ ಕಿಟಕಿಯಿಂದ ಇಂಗ್ಲಿಷ್ ಪಾಠ ಕೇಳಿಸುತ್ತಿತ್ತು. ಮೂರು ದಿನ ಹೋಲಿಕೆಯ ಪಾಠ ನಡೆಯಿತು. ಅದನ್ನೂ ಅವನು ಪೂರ್ತಿ ಕೇಳಲಿಲ್ಲ, ಹೊಟ್ಟೆ ತುಂಬಿದೊಡನೆ ನಿದ್ದೆ ಹೋಗುತ್ತಿದ್ದ. ನಾಲ್ಕನೆಯ ದಿನ ಅಡುಗೆಯವರು ಸೌಟು ಎಸೆದು ಅವನನ್ನು ಓಡಿಸಿದರು. ಕಾಡಿಗೆ ಬಂದ ಮೇಲೆ ಅವನು ಹೇಳಿಕೊಂಡ ಕಥೆಯೇ ಬೇರೆ. ತಾನು ಶಾಲೆಯಲ್ಲಿ ಓದಿ ಮುಗಿಸಿದವನಂತೆ, ಕಾಡಿನವರ ಅಜ್ಞಾನ ನೋಡಲಾರದೆ ಹಿಂತಿರುಗಿದವನಂತೆ.

ಮತ್ತಿಮರದ ಕೆಳಗೆ ತರಗತಿ ಶುರುವಾಯಿತು. ಸ್ಟ್ರಾಂಗ್ ಅಂದರೆ ಬಲಶಾಲಿ, ಅದಕ್ಕೊಂದು ಬಾಲ ಅಂಟಿಸಿದರೆ ಸ್ಟ್ರಾಂಗರ್, ಅಂದರೆ ಇನ್ನೊಬ್ಬನಿಗಿಂತ ಬಲಶಾಲಿ, ಇನ್ನೂ ದೊಡ್ಡ ಬಾಲ ಅಂಟಿಸಿದರೆ ಸ್ಟ್ರಾಂಗೆಸ್ಟ್, ಎಲ್ಲರಿಗಿಂತ ಬಲಶಾಲಿ ಎಂದು ಬೂದಯ್ಯ ಹೇಳಿಕೊಟ್ಟ. ಬಾಲದ ವಿಷಯ ಪ್ರಾಣಿಗಳಿಗೆ ಬೇಗ ತಲೆಗೆ ಹತ್ತಿತು. ಹಾಗೆಯೇ ಗುಡ್, ಗುಡ್ಡರ್, ಗುಡ್ಡೆಸ್ಟ್ ಎಂದೂ ಹೇಳಿಕೊಟ್ಟ. ಅದು ಗುಡ್, ಬೆಟರ್, ಬೆಸ್ಟ್ ಆಗಬೇಕು ಎಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ತಪ್ಪು ಪಾಠಕ್ಕೂ ಎಲ್ಲರ ತಲೆ ಭಕ್ತಿಯಿಂದಲೇ ಆಡುತ್ತಿತ್ತು.

ಪಾಠಕ್ಕೆ ಗುರುಕಾಣಿಕೆ ಇತ್ತು. ಕರಡಿ ದೊಡ್ಡೀರ ಜೇನುಹುಟ್ಟು ತಂದ. ಕಾಟಿ, ಅಂದರೆ ಕಾಡುಕೋಣ ಬೋರಯ್ಯ ಕೊಂಬಿನಿಂದ ಹಲಸಿನ ಹಣ್ಣು ಕೆಡವಿ ಉರುಳಿಸಿಕೊಂಡು ಬಂದ. ಸೂಜವ್ವ ತಂದದ್ದು ಎರಡು ಗೆಣಸು. ಬೂದಯ್ಯ ಅದನ್ನು ಮೂಸಿ, ಹಿಂಗಾಲಿನಿಂದ ಪಕ್ಕಕ್ಕೆ ತಳ್ಳಿದ. ಆಮೇಲೆ ಅವಳನ್ನು ಎಲ್ಲರ ಎದುರು ನಿಲ್ಲಿಸಿದ.

"ಸ್ಲೋ, ಸ್ಲೋವರ್, ಸ್ಲೋವೆಸ್ಟ್. ಸ್ಲೋವೆಸ್ಟ್ ಅಂದರೆ ಏನು ಅಂತ ಬಾಯಲ್ಲಿ ಹೇಳಬೇಕಾಗಿಲ್ಲ. ಇವಳನ್ನು ನೋಡಿಕೊಳ್ಳಿ ಸಾಕು," ಎಂದ.

ಮೊಲಗಳು ಮುಸಿಮುಸಿ ನಕ್ಕವು. ಸೂಜವ್ವ ಮನೆಗೆ ಹೋದಳು. ದಿನಾ ನಡೆಯುತ್ತಿದ್ದ ದಾರಿಯೇ ಅದು, ಅವೇ ಕಾಲುಗಳು. ಆದರೆ ಅಂದು ಒಂದೊಂದು ಹೆಜ್ಜೆಗೂ ನಾಚಿಕೆಯಾಯಿತು. ಮರುದಿನ ಬೇಗ ನಡೆಯಲು ಹೋಗಿ ತಾನೇ ತೋಡಿದ ಗುಂಡಿಗೆ ಬಿದ್ದಳು. ಎದುರಿಗೆ ಯಾರಾದರೂ ಬಂದರೆ ಪೊದೆಯ ಮರೆಗೆ ಸರಿದು ನಿಲ್ಲುವುದು ಅಭ್ಯಾಸವಾಯಿತು.

ಇತ್ತ ಬೂದಯ್ಯ ದೊಡ್ಡೀರನನ್ನು ಒಂಟಿಯಾಗಿ ಕರೆದು, ಈ ಕಾಡಿನಲ್ಲಿ ಸ್ಟ್ರಾಂಗೆಸ್ಟ್ ನೀನೇ ಕಣಪ್ಪ, ಯಾರಿಗೂ ಹೇಳಬೇಡ, ಹೊಟ್ಟೆಕಿಚ್ಚು ಪಡುತ್ತಾರೆ ಎಂದ. ದೊಡ್ಡೀರ ಇನ್ನೊಂದು ಜೇನುಹುಟ್ಟು ತಂದುಕೊಟ್ಟ. ಅದೇ ಸಂಜೆ ಬೋರಯ್ಯನ ಕಿವಿಯಲ್ಲೂ ಅದೇ ಮಾತು ಹೇಳಿದ. ಅಲ್ಲಿಂದಲೂ ಒಂದು ಹಲಸಿನ ಹಣ್ಣು ಬಂತು. ಅಷ್ಟು ದೊಡ್ಡ ಮೈಯ ಇಬ್ಬರು ಇಷ್ಟು ಚಿಕ್ಕ ಮಾತಿಗೆ ಬಿದ್ದರು.

ಬೇಸಿಗೆ ಬಲಿಯಿತು. ಕಾಡಿನಲ್ಲಿ ಒಂದೇ ನೀರಿನ ಹೊಂಡ ಉಳಿದಿತ್ತು. ಅಲ್ಲಿಯವರೆಗೆ ಯಾರು ಮೊದಲು ಬಂದರೋ ಅವರು ಕುಡಿದು ಹೋಗುತ್ತಿದ್ದರು. ಈಗ ದೊಡ್ಡೀರ, ಎಲ್ಲರಿಗಿಂತ ಬಲಶಾಲಿಯಾದ ತಾನು ಕುಡಿದ ಮೇಲೆ ಉಳಿದವರು ಎಂದ. ಹಾಗಾದರೆ ನೀನು ಪಕ್ಕಕ್ಕೆ ಸರಿ ಎಂದು ಬೋರಯ್ಯ ಕೊಂಬು ತಗ್ಗಿಸಿದ. ಮೂರು ದಿನ ಇಬ್ಬರೂ ಹೊಡೆದಾಡಿದರು. ದಂಡೆ ಕುಸಿದು ನೀರೆಲ್ಲ ಕೆಸರಾಯಿತು. ದೊಡ್ಡೀರನ ಭುಜ ಸೀಳಿತು, ಬೋರಯ್ಯನ ಕಣ್ಣಿನ ಅಂಚು ಹರಿಯಿತು. ಮೊಲಗಳು ಬೆಳಗಿನ ಇಬ್ಬನಿ ನೆಕ್ಕಿ ಬದುಕಿದವು. ಹುಟ್ಟಿ ಎರಡು ವಾರವಾಗಿದ್ದ ಒಂದು ಜಿಂಕೆಮರಿ ಬಾಯಾರಿ ಎದ್ದು ನಿಲ್ಲಲಾರದೆ ಮಲಗಿತು. ಬೂದಯ್ಯನಿಗೆ ನೀರಿನ ಚಿಂತೆ ಇರಲಿಲ್ಲ. ಅವನ ಬಳಿ ಹಲಸಿನ ಹಣ್ಣಿತ್ತು.

ನಾಲ್ಕನೆಯ ದಿನ ಸೂಜವ್ವ ನೀರು ತುಂಬಿದ ಒಂದು ಗೆಡ್ಡೆ ಅಗೆದು ಜಿಂಕೆಮರಿಗೆ ಕೊಟ್ಟಳು. ಇನ್ನೊಂದನ್ನು ಹಿಡಿದು ಹುತ್ತದ ಬಳಿ ನರಳುತ್ತಿದ್ದ ದೊಡ್ಡೀರನ ಹತ್ತಿರ ಹೋದಳು. ಅವನು ಅದನ್ನು ಅಗಿಯುತ್ತ, ಮೇಷ್ಟ್ರು ತನ್ನನ್ನು ಸ್ಟ್ರಾಂಗೆಸ್ಟ್ ಅಂದಿದ್ದಾರೆ, ಬೋರಯ್ಯನಿಗೆ ಅದು ತಿಳಿಯುತ್ತಿಲ್ಲ ಎಂದು ಗೊಣಗಿದ. ಮರಳುವ ದಾರಿಯಲ್ಲಿ ಬೋರಯ್ಯ ಸಿಕ್ಕಿದ. ಅವನೂ ಅದೇ ಮಾತು ಹೇಳಿದ, ಅವೇ ಪದಗಳಲ್ಲಿ. ಸೂಜವ್ವನಿಗೆ ನಗು ಬರಲಿಲ್ಲ, ಅಸಹ್ಯವಾಯಿತು. ಇಂಥವನು ಹೇಳಿದ್ದನ್ನು ನಂಬಿ ತಾನು ಪೊದೆಯ ಮರೆಗೆ ನಿಂತೆನಲ್ಲ ಎಂದು ತನ್ನ ಮೇಲೂ ಸಿಟ್ಟು ಬಂತು. ಸಂಜೆ ತಪ್ಪದೆ ಪಾಠಕ್ಕೆ ಬರಬೇಕು ಎಂದು ಇಬ್ಬರಿಗೂ ಹೇಳಿದಳು.

ಸಂಜೆ ಎಲ್ಲರೂ ಸೇರಿದಾಗ ಸೂಜವ್ವ ಎದ್ದು ನಿಂತಳು.

"ಮೇಷ್ಟ್ರೇ, ಒಂದು ಅನುಮಾನ. ಈ ಸ್ಟ್ರಾಂಗೆಸ್ಟ್ ಅನ್ನುವುದು ಒಂದು ಕಾಡಿಗೆ ಎಷ್ಟು ಜನ ಇರಬಹುದು?"

"ಒಬ್ಬನೇ. ಅಷ್ಟೂ ಗೊತ್ತಿಲ್ಲವೆ?" ಎಂದ ಬೂದಯ್ಯ.

"ಹಾಗಾದರೆ ದೊಡ್ಡೀರಣ್ಣನೋ, ಬೋರಯ್ಯಣ್ಣನೋ? ಇಬ್ಬರಿಗೂ ನೀವೇ ಹೇಳಿದ್ದೀರಂತೆ."

ಕರಡಿ ಕಾಟಿಯ ಮುಖ ನೋಡಿದ, ಕಾಟಿ ಕರಡಿಯ ಮುಖ ನೋಡಿದ. ಆಮೇಲೆ ಇಬ್ಬರೂ ಮೇಷ್ಟ್ರ ಕಡೆ ತಿರುಗಿದರು. ಬೂದಯ್ಯ ಗಂಟಲು ಸರಿಮಾಡಿಕೊಂಡ. ಕಿಟಕಿಯಿಂದ ಅರ್ಧಂಬರ್ಧ ಕೇಳಿದ ಇನ್ನೊಂದು ಪಾಠ ಅವನಿಗೆ ನೆನಪಾಯಿತು. ವಿಶೇಷಣ ಬೇರೆ, ಕ್ರಿಯಾವಿಶೇಷಣ ಬೇರೆ, ಇದು ನಿಮ್ಮಂಥವರಿಗೆ ತಿಳಿಯುವ ವಿಷಯವಲ್ಲ ಎಂದು ಶುರುಮಾಡಿದ. ಇರುವ ಗುಣ ಹೇಳುವುದು ವಿಶೇಷಣ, ಆ ಲೆಕ್ಕದಲ್ಲಿ ದೊಡ್ಡೀರ ಸ್ಟ್ರಾಂಗೆಸ್ಟ್. ಮಾಡುವ ಕೆಲಸದ ರೀತಿ ಹೇಳುವುದು ಕ್ರಿಯಾವಿಶೇಷಣ. ಅದಕ್ಕೆ ಬಾಲ ಅಂಟುವುದಿಲ್ಲ, ಅದರ ಮೊದಲು ಮೋರ್, ಮೋಸ್ಟ್ ಅಂತ ಸೇರಿಸಬೇಕು. ಆ ಲೆಕ್ಕದಲ್ಲಿ ಬೋರಯ್ಯ ನೂಕುವುದು ಮೋಸ್ಟ್ ಸ್ಟ್ರಾಂಗ್ಲಿ.

"ಮೋಸ್ಟ್ ಅಂದಿರೋ, ಮೋಸ ಅಂದಿರೋ?" ಎಂದಳು ಸೂಜವ್ವ. "ಇಬ್ಬರ ರಕ್ತ ಹರಿಯುವಾಗ ಈ ವ್ಯಾಕರಣ ಎಲ್ಲಿತ್ತು ಮೇಷ್ಟ್ರೇ?"

ಬೋರಯ್ಯ ನಿಧಾನವಾಗಿ ಎದ್ದು, ಮಾಡಿ ತೋರಿಸಿದರೆ ಪಾಠ ಮನಸ್ಸಿನಲ್ಲಿ ನಿಲ್ಲುತ್ತದೆ ಎಂದ. ಹಣೆ ಕೊಟ್ಟು ಬೂದಯ್ಯನನ್ನು ಒಂದು ಸಲ ನೂಕಿದ. ನರಿ ಹಲಸಿನ ರಾಶಿಯ ಮೇಲೆ ಬಿದ್ದ. ಅಲ್ಲಿಂದ ದೊಡ್ಡೀರ ಅವನನ್ನು ಎತ್ತಿ ಇನ್ನೂ ಜೋರಾಗಿ ನೂಕಿದ. ನರಿ ಕೆಸರುಹೊಂಡಕ್ಕೆ ಹೋಗಿ ಬಿದ್ದ. ಮೂರನೆಯ ಸಲ ನೂಕುವವರಿಗಾಗಿ ಅವನು ಕಾಯಲಿಲ್ಲ. ಮೈತುಂಬ ಹಲಸಿನ ಮೇಣ, ಅದರ ಮೇಲೆ ಕೆಸರು, ಹಾಗೆಯೇ ಊರಿನ ಕಡೆ ಓಡಿದ. ಅಲ್ಲಿ ಶಾಲೆಗೆ ಬೇಸಿಗೆ ರಜೆ. ಎಂಜಲೂ ಇರಲಿಲ್ಲ, ಪಾಠವೂ ಇರಲಿಲ್ಲ. ಆಮೇಲೆ ಅವನನ್ನು ಆ ಕಾಡಿನಲ್ಲಿ ಯಾರೂ ಕಾಣಲಿಲ್ಲ, ಯಾರೂ ಕೇಳಲೂ ಇಲ್ಲ.

ಕೆಸರಾದ ಹೊಂಡ ಮಾತ್ರ ಹಾಗೇ ಇತ್ತು. ದೊಡ್ಡೀರ ತಲೆ ತಗ್ಗಿಸಿಕೊಂಡು ಬಂದು, ಎಲ್ಲಾದರೂ ಒರತೆ ಸಿಕ್ಕೀತೇ ಎಂದು ಸೂಜವ್ವನನ್ನು ಕೇಳಿದ. ಸೂಜವ್ವ ಹೊಂಡದ ಸುತ್ತ ತನ್ನ ನಡಿಗೆಯಲ್ಲೇ ಒಂದು ಸುತ್ತು ಬಂದಳು. ಅಲ್ಲಲ್ಲಿ ನಿಂತು ನೆಲ ಮೂಸಿದಳು, ಉಗುರಿನಿಂದ ಕೆರೆದು ನೋಡಿದಳು. ಯಾರೂ ನಗಲಿಲ್ಲ.

"ಇಲ್ಲಿಗಿಂತ ಅಲ್ಲಿ ಮಣ್ಣು ತಂಪಾಗಿದೆ," ಎಂದಳು. "ಅಲ್ಲಿ ಅಗೆಯೋಣ."

ಕತ್ತಲಾಗುವ ಮೊದಲು ನೀರು ಜಿನುಗಿತು. ಮೊದಲು ಜಿಂಕೆಮರಿ ಕುಡಿಯಿತು.

ನೀತಿ: ನಮ್ಮನ್ನು ಇನ್ನೊಬ್ಬರ ಪಕ್ಕ ನಿಲ್ಲಿಸಿ ಅಳೆಯುವವನು ತನ್ನ ಲಾಭವನ್ನೇ ಅಳೆಯುತ್ತಿರಬಹುದು, ಅವನು ಹೊಗಳಿದರೂ ತೆಗಳಿದರೂ ನಂಬಬಾರದು.