ತೆನೆ ಹಬ್ಬದ ಪಾಲು

ಶಿಷ್ಯನೊಬ್ಬ ಗುರುಗಳನ್ನು ಕೇಳಿದ: "ಗುರುಗಳೇ, ಕಥೋಲಿಕ, ಪ್ರೊಟೆಸ್ಟೆಂಟ್ ಎಂದು ಎಲ್ಲ ಸಭೆಯವರೂ ಒಬ್ಬನೇ ಕ್ರಿಸ್ತನ ಹೆಸರು ಹೇಳುತ್ತಾರೆ. ಆದರೆ ಬೋಧನೆ ಬೇರೆ, ಆರಾಧನೆ ಬೇರೆ. ಯಾರದು ಸರಿ ಎಂದು ತೀರ್ಮಾನವಾಗದೆ ನಾನು ಬೇರೆ ಸಭೆಯವರ ಜೊತೆ ಕೂರುವುದು ಹೇಗೆ?"

ಗುರುಗಳು ನಕ್ಕರು. "ನಿನಗಿಂತ ಹಠಮಾರಿಯಾದ ಒಬ್ಬ ರೈತನಿದ್ದ. ಅವನ ಕತೆ ಕೇಳು" ಎಂದರು.

ಕಡಲ ಕಡೆಯ ಒಂದು ಊರು. ಅಲ್ಲೊಬ್ಬ ಕಥೋಲಿಕ ರೈತ. ಅವನ ತಮ್ಮ ಮದುವೆಯಾದ ಮೇಲೆ ಹೆಂಡತಿಯ ಪ್ರೊಟೆಸ್ಟೆಂಟ್ ಸಭೆಗೆ ಸೇರಿದ. ಅಣ್ಣನಿಗೆ ಸಿಟ್ಟು ನೆತ್ತಿಗೇರಿತು. ಅಕ್ಕಪಕ್ಕದ ಮನೆಗಳಾದರೂ ಮಾತು ನಿಂತುಹೋಯಿತು. ನೆರೆಯವನನ್ನು ಪ್ರೀತಿಸಬೇಕೆಂಬ ಬೋಧನೆ ಕೇಳಿದಾಗಲೆಲ್ಲ ಅಣ್ಣನಿಗೆ ಎಡಗಡೆಯ ಮನೆಯವನ ನೆನಪಾಗುತ್ತಿತ್ತು. ತಮ್ಮನ ಮನೆ ಬಲಗಡೆ ಇತ್ತು.

ಇಬ್ಬರ ನಡುವೆ ಬೆಂದವಳು ತಾಯಿ. ಅವಳು ದೊಡ್ಡ ಮಗನ ಮನೆಯಲ್ಲಿದ್ದಳು. ಅವಳಿಗೆ ವಯಸ್ಸಾಗಿತ್ತು. ಕಣ್ಣು ಮುಚ್ಚುವ ಮೊದಲು ಮಕ್ಕಳಿಬ್ಬರೂ ಒಟ್ಟಿಗೆ ಕೂತು ಉಣ್ಣುವುದನ್ನು ಒಮ್ಮೆ ನೋಡಬೇಕು ಎಂಬುದೊಂದೇ ಅವಳ ಆಸೆ.

ಆ ಊರಿನ ಕಥೋಲಿಕರಿಗೆ ಮಾತೆ ಮರಿಯಳ ಹುಟ್ಟುಹಬ್ಬವೇ ತೆನೆ ಹಬ್ಬ. ದೇವಾಲಯದಲ್ಲಿ ಪಾದ್ರಿಗಳು ಹೊಸ ಭತ್ತದ ತೆನೆಗಳನ್ನು ಆಶೀರ್ವದಿಸಿ ಮನೆಮನೆಗೆ ಕೊಡುತ್ತಾರೆ. ಯಜಮಾನ ಅದನ್ನು ಸುಲಿದು, ಅಕ್ಕಿಯನ್ನು ತೆಂಗಿನ ಹಾಲಿಗೆ ಹಾಕಿ, ಮನೆಯವರಿಗೆಲ್ಲ ಹಂಚುತ್ತಾನೆ. ಅದನ್ನು ಕುಡಿದ ಮೇಲೆಯೇ ಊಟ. ದೂರದಲ್ಲಿರುವ ಮಕ್ಕಳಿಗೂ ನಾಲ್ಕು ಕಾಳು ಎತ್ತಿಡುತ್ತಾರೆ.

ಒಂದು ವರ್ಷ ಹೊಳೆ ಉಕ್ಕಿ ಊರಿನ ಪೈರು ಬಹುಪಾಲು ಕೊಳೆತುಹೋಯಿತು. ಆದರೂ ಹಬ್ಬದ ದಿನ ದೇವಾಲಯದಲ್ಲಿ ತೆನೆಗೆ ಕೊರತೆಯಾಗಲಿಲ್ಲ. ರೈತ ತನ್ನ ಪಾಲು ತಂದು ಸುಲಿದ, ಹಾಲಿಗೆ ಹಾಕಿದ, ಮೊದಲ ಬಟ್ಟಲನ್ನು ತಾಯಿಗೆ ಕೊಟ್ಟ.

ತಾಯಿ ಕುಡಿಯಲಿಲ್ಲ. "ತಮ್ಮನ ಪಾಲು ಎಲ್ಲುಂಟು ಮಗಾ?"

"ಸಭೆ ಬಿಟ್ಟವನಿಗೆ ಎಂತ ಪಾಲು ಅಮ್ಮಾ? ಇದು ನಮ್ಮ ದೇವಾಲಯದ ತೆನೆ."

"ದೇವಾಲಯದಲ್ಲಿ ಭತ್ತ ಬೆಳೆಯುತ್ತದಾ? ಈ ಸಲ ಉಳಿದದ್ದು ಗುಡ್ಡೆಬದಿಯ ಗದ್ದೆ ಒಂದೇ. ಅದು ಯಾರದ್ದು? ಪಾದ್ರಿಗಳು ಕೇಳಿದ ಕೂಡಲೇ ಅವನೇ ಕೊಯ್ದು, ಹೊತ್ತುಕೊಂಡು ಹೋಗಿ ಕೊಟ್ಟ. 'ಅಣ್ಣನಿಗೆ ಹೇಳಬೇಡ ಅಮ್ಮಾ, ಗೊತ್ತಾದರೆ ಅವನು ತಿನ್ನಲಿಕ್ಕಿಲ್ಲ' ಅಂತ ನನ್ನ ಹತ್ತಿರ ಮಾತು ತೆಗೆದುಕೊಂಡಿದ್ದ."

ರೈತನ ಕೈ ಅಲ್ಲಿಯೇ ನಿಂತಿತು. ಇಷ್ಟು ವರ್ಷ ತಮ್ಮನಿಗೆ ಒಂದು ಕಾಳೂ ಕೊಡದವನು ಈಗ ತಮ್ಮನ ಕಾಳನ್ನೇ ಹಂಚುತ್ತಿದ್ದ. ಅವನಿಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ತಮ್ಮನ ಮೇಲೆ ಪ್ರೀತಿ ಉಕ್ಕಿತು. ಒಂದು ಬಟ್ಟಲು ತುಂಬಿ, ಕೈಯಿಂದ ಮುಚ್ಚಿಕೊಂಡು, ತಮ್ಮನ ಬಾಗಿಲಿಗೆ ಹೋದ.

"ನಿಮ್ಮ ಸಭೆಯಲ್ಲಿ ಇದು ನಡೆಯುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ" ಎಂದ.

ತಮ್ಮನು ಬಟ್ಟಲನ್ನು ನೋಡಿದ, ಅಣ್ಣನ ಮುಖ ನೋಡಿದ. "ಅಮ್ಮನ ಊಟ ಆಯಿತಾ ಅಣ್ಣ?"

"ಇಲ್ಲ. ನಿನ್ನನ್ನು ಕಾಯುತ್ತಿದ್ದಾಳೆ."

"ಹಾಗಾದರೆ ನಡಿ" ಎಂದು ತಮ್ಮನು ತನ್ನ ಹೆಂಡತಿಯನ್ನೂ ಕರೆದುಕೊಂಡು ಹೊರಟ. ಅಂದು ತಾಯಿ ಮಕ್ಕಳಿಬ್ಬರಿಗೂ ತಾನೇ ಬಡಿಸಿದಳು. ಬಡಿಸುತ್ತ ಅತ್ತಳು, ಅಳುತ್ತ ಮತ್ತಷ್ಟು ಬಡಿಸಿದಳು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ. "ಎಲ್ಲ ಸರಿ ಗುರುಗಳೇ, ಆದರೆ ಯಾರ ಸಭೆ ಸತ್ಯ ಎಂಬ ವಾದ ಏನಾಯಿತು?"

"ಅದು ಇನ್ನೂ ಮುಗಿದಿಲ್ಲ ಮಗು, ಆದರೆ ಈಗ ಅವರು ಊಟವಾದ ಮೇಲೆ ವಾದಿಸುತ್ತಾರೆ."