ಬಾರದ ಒಂದು ಹೆಬ್ಬೆರಳು

ತಾಲ್ಲೂಕು ಕೇಂದ್ರವೊಂದರ ಡಿಗ್ರಿ ಕಾಲೇಜಿನಲ್ಲಿ ಗುರುಲಿಂಗಪ್ಪ ಮೇಟಿ ಎಂಬ ರಸಾಯನಶಾಸ್ತ್ರದ ಅಧ್ಯಾಪಕರಿದ್ದರು. ಎಲ್ಲರೂ ಅವರನ್ನು ಮೇಟಿ ಸರ್ ಅನ್ನುತ್ತಿದ್ದರು. ಇಪ್ಪತ್ತೆಂಟು ವರ್ಷಗಳ ಅನುಭವ. ಪಾಠದಲ್ಲಿ ಗಟ್ಟಿಗರು, ಶಿಸ್ತಿನಲ್ಲಿ ಇನ್ನೂ ಗಟ್ಟಿಗರು. ಅವರ ತರಗತಿಯಲ್ಲಿ ಅವರೊಬ್ಬರದೇ ದನಿ.

ಒಂದು ದಿನ ಪ್ರಿನ್ಸಿಪಾಲರು, ಇನ್ನು ಮುಂದೆ ಎಲ್ಲರೂ ಮೊಬೈಲ್ ಬಳಸಿ ಪಾಠ ಮಾಡಬೇಕು ಎಂದರು. ಮೇಟಿ ಸರ್ ಮೊದಮೊದಲು ಗೊಣಗಿದರು. ಆಮೇಲೆ ಅವರಿಗೂ ರುಚಿ ಹತ್ತಿತು. ಪ್ರಯೋಗ ಹೇಗೆ ಮಾಡಬೇಕೆಂದು ಬಾಯಲ್ಲೇ ವಿವರಿಸಿ ಮನೆಯಲ್ಲಿ ವಿಡಿಯೊ ಮಾಡಿ, ಮೊದಲ ವರ್ಷದವರ ವಾಟ್ಸಾಪ್ ಗ್ರೂಪಿಗೆ ಹಾಕತೊಡಗಿದರು. ಬಸ್ಸು ತಪ್ಪಿ ಕ್ಲಾಸಿಗೆ ಬಾರದ ಮಕ್ಕಳಿಗೂ ಪಾಠ ಸಿಗುತ್ತಿತ್ತು. ಅದು ನಿಜಕ್ಕೂ ದೊಡ್ಡ ಉಪಕಾರ.

ಆದರೆ ಗ್ರೂಪಿಗೂ ಅವರು ತರಗತಿಯ ನಿಯಮವನ್ನೇ ತಂದಿದ್ದರು. ಗುಡ್ ಮಾರ್ನಿಂಗ್ ಚಿತ್ರಗಳ ಕಾಟ ತಾಳಲಾರದೆ, ತಮ್ಮೊಬ್ಬರನ್ನು ಬಿಟ್ಟು ಬೇರೆ ಯಾರೂ ಬರೆಯದಂತೆ ಬೀಗ ಹಾಕಿಬಿಟ್ಟಿದ್ದರು. ಮಕ್ಕಳಿಗೆ ಉಳಿದಿದ್ದು ಒಂದೇ ದಾರಿ. ಸರ್ ಏನು ಕಳಿಸಿದರೂ ಅದರ ಕೆಳಗೆ ಒಪ್ಪಿಗೆಯ ಗುರುತಾಗಿ ಒಂದು ಹೆಬ್ಬೆರಳಿನ ಚಿತ್ರ ಒತ್ತುವುದು. ನೋಡಿದವರೂ ಒತ್ತುತ್ತಿದ್ದರು, ನೋಡದವರೂ ಒತ್ತುತ್ತಿದ್ದರು. ಅದು ಒಂಥರಾ ಹಾಜರಿಯಾಗಿತ್ತು. ಸಂಜೆ ಚಹಾ ಕುಡಿಯುತ್ತ ಆ ಹೆಬ್ಬೆರಳುಗಳನ್ನು ಎಣಿಸುವುದೆಂದರೆ ಸರ್ ಅವರಿಗೆ ಬಲು ಖುಷಿ. ಅರವತ್ತು ಮಕ್ಕಳು, ಅರವತ್ತು ಹೆಬ್ಬೆರಳು. ಎಲ್ಲರಿಗೂ ಅರ್ಥವಾಯಿತು ಎಂದು ಹಿಗ್ಗುತ್ತಿದ್ದರು.

ಒಂದು ಭಾನುವಾರ ಮಧ್ಯಾಹ್ನ, ಮರುದಿನದ ಪ್ರಯೋಗಕ್ಕಾಗಿ ಹೊಸ ವಿಡಿಯೊ ಹಾಕಿದರು. ಗಟ್ಟಿ ಆಸಿಡ್ಡನ್ನು ನೀರು ಬೆರೆಸಿ ತೆಳುವು ಮಾಡುವ ಪಾಠ ಅದು. ‘ವಿಡಿಯೊ ನೋಡಿಕೊಂಡು ಬನ್ನಿ. ಮೊದಲ ಬಸ್ಸಿಗೆ ಬಂದವರು ನನಗಾಗಿ ಕಾಯದೆ ಕೆಲಸ ಶುರು ಮಾಡಿ’ ಎಂದು ಕೆಳಗೆ ಬರೆದಿದ್ದರು. ಪ್ರಿನ್ಸಿಪಾಲರು ಅದರ ಸುದ್ದಿಯನ್ನು ಅಧ್ಯಾಪಕರ ಗ್ರೂಪಿಗೂ ಹಾಕಿ, ‘ಎಲ್ಲರೂ ಮೇಟಿ ಸರ್ ಅವರನ್ನು ನೋಡಿ ಕಲಿಯಿರಿ’ ಎಂದು ಹೊಗಳಿದರು.

ಸಂಜೆ ಸರ್ ಎಣಿಸಿದರು. ಐವತ್ತೊಂಬತ್ತು. ಕನ್ನಡಕ ಒರೆಸಿಕೊಂಡು ಮತ್ತೆ ಎಣಿಸಿದರು. ಐವತ್ತೊಂಬತ್ತೇ. ಹುಡುಕಿದಾಗ, ಮುಬೀನಾ ನದಾಫ್ ಎಂಬ ಹುಡುಗಿಯ ಹೆಬ್ಬೆರಳು ಬಂದಿಲ್ಲ ಎಂದು ತಿಳಿಯಿತು. ಕೊನೆಯ ಬೆಂಚಿನ ಹುಡುಗಿ. ‘ಪ್ರೆಸೆಂಟ್ ಸರ್’ ಬಿಟ್ಟರೆ ಅವಳ ಬಾಯಿಂದ ಬೇರೆ ಮಾತನ್ನು ಅವರು ಕೇಳಿಯೇ ಇರಲಿಲ್ಲ.

“ನಾಳೆ ಬರ್ಲಿ, ವಿಚಾರಿಸ್ತೀನಿ” ಎನ್ನುವಷ್ಟರಲ್ಲಿ ಅದೇ ಹುಡುಗಿಯಿಂದ ಅವರ ನಂಬರಿಗೇ ನೇರವಾಗಿ ಒಂದು ಧ್ವನಿ ಸಂದೇಶ ಬಂತು.

“ನೋಡಿದಿ? ಈಗಿನ ಹುಡುಗರಿಗೆ ಹೆದರಿಕೀನ ಇಲ್ಲ. ಸೀದಾ ನನಗ ಕಳಿಸ್ಯಾಳ. ಏನರ ನೆಪ ಹೇಳಿರ್ತಾಳ” ಎಂದು ಹೆಂಡತಿ ಕಸ್ತೂರವ್ವನಿಗೆ ಹೇಳಿ ಫೋನ್ ಕೆಳಗಿಟ್ಟರು.

“ನೆಪಾನೋ ಏನೋ, ಕೇಳದ ಹೆಂಗ ಗೊತ್ತಾಗ್ತೈತ್ರಿ?” ಎಂದು ಕಸ್ತೂರವ್ವ ಫೋನನ್ನು ಮತ್ತೆ ಅವರ ಕೈಗೆ ಕೊಟ್ಟರು.

ಸರ್ ಒಲ್ಲದ ಮನಸ್ಸಿನಿಂದ ಒತ್ತಿದರು. ನಡುಗುವ ದನಿ ಕೇಳಿಸಿತು.

“ಸರ್, ನಾನ್ರಿ, ಮುಬೀನಾ. ತಪ್ಪು ತಿಳ್ಕೋಬ್ಯಾಡ್ರಿ. ವಿಡಿಯೊದಾಗ ನೀವು ಆಸಿಡ್ಡಿಗೆ ನೀರು ಹಾಕ್ರಿ ಅಂದೀರಿ. ನಮ್ಮ ಹೈಸ್ಕೂಲ್ ಟೀಚರ್ ನೀರಿಗೆ ಆಸಿಡ್ ಹಾಕಬೇಕು, ಉಲ್ಟಾ ಮಾಡಿದ್ರ ಸಿಡದು ಕಣ್ಣಿಗೆ ಬಡೀತೈತಿ ಅಂದಿದ್ರು. ಮೂರು ಸಲ ನೋಡಿದ್ನಿರಿ. ನನಗ ಅರ್ಥ ಆಗಿಲ್ಲ, ಅದಕ್ಕ ಹೆಬ್ಬಟ್ಟು ಒತ್ತಿಲ್ರಿ.”

ಸರ್ ಗಾಬರಿಯಿಂದ ವಿಡಿಯೊ ಹಾಕಿ ನೋಡಿದರು. ಹೌದು. ಇಪ್ಪತ್ತೆಂಟು ವರ್ಷ ಸರಿಯಾಗಿ ಹೇಳಿದ ಮಾತನ್ನು, ಕ್ಯಾಮೆರಾ ಮುಂದೆ ತಡಬಡಾಯಿಸಿ ತಿರುಗಾಮುರುಗಾ ಹೇಳಿದ್ದರು.

ಥಟ್ಟನೆ ಒಂದು ಉಪಾಯ ಹೊಳೆಯಿತು. ವಿಡಿಯೊ ಅಳಿಸಿಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ಪ್ರಿನ್ಸಿಪಾಲರ ಹೊಗಳಿಕೆಯೂ ಉಳಿಯುತ್ತದೆ. ಬೆರಳು ಅಳಿಸುವ ಗುರುತಿನ ತನಕ ಹೋಯಿತು.

ಅಲ್ಲೇ ನಿಂತಿತು. ಅಳಿಸಿದರೆ ಫೋನಿನಿಂದ ಹೋಗುತ್ತದೆ, ನೋಡಿದ ಮಕ್ಕಳ ತಲೆಯಿಂದ ಹೋಗುವುದಿಲ್ಲವಲ್ಲ! ಬೆಳಗಿನ ಮೊದಲ ಬಸ್ಸಿಗೆ ಬಂದವರು ಎಂಟೂವರೆಗೇ ಲ್ಯಾಬ್ ಸೇರುತ್ತಾರೆ. ತಾನು ಹೋಗಿ ತಲುಪುವ ಮೊದಲೇ ಯಾವುದಾದರೂ ಮಗುವಿನ ಕಣ್ಣು ಹೋದರೆ?

ಅವರು ಮತ್ತೆ ಯೋಚಿಸಲಿಲ್ಲ. ಗ್ರೂಪಿನಲ್ಲಿ ತಮ್ಮ ದನಿಯಲ್ಲೇ ಹೇಳಿದರು: “ಮಕ್ಕಳ, ಇವತ್ತಿನ ವಿಡಿಯೊದಾಗ ನಾನು ತಪ್ಪು ಹೇಳೀನಿ. ಆಸಿಡ್ಡಿಗೆ ನೀರು ಹಾಕಬ್ಯಾಡ್ರಿ. ನೀರಿಗೆ ಆಸಿಡ್ ಹಾಕ್ರಿ, ಅದೂ ಸಾವಕಾಶ. ನಾಳೆ ನಾನು ಬರೂತನಕ ಯಾರೂ ಬಾಟ್ಲಿ ಮುಟ್ಟಬ್ಯಾಡ್ರಿ. ಇದನ್ನ ತೋರಿಸಿಕೊಟ್ಟಾಕಿ ನಮ್ಮ ಮುಬೀನಾ. ನಿಮ್ಮೆಲ್ಲಾರ ಕಣ್ಣು ಉಳಿಸ್ಯಾಳ.”

ಅದನ್ನೇ ಅಧ್ಯಾಪಕರ ಗ್ರೂಪಿಗೂ ಕಳಿಸಿದರು. ನಾಚಿಕೆಯಿಂದ ಕಿವಿ ಬಿಸಿಯಾಗಿತ್ತು. ಆದರೆ ಎದೆ ಹಗುರಾಗಿತ್ತು. ಆಮೇಲೆ ಗ್ರೂಪಿನ ಬೀಗ ತೆಗೆದರು.

ಸೋಮವಾರ ಅವರು ಎಂಟು ಗಂಟೆಗೇ ಲ್ಯಾಬಿನ ಬಾಗಿಲಲ್ಲಿದ್ದರು. ಮಕ್ಕಳು ಒಬ್ಬೊಬ್ಬರಾಗಿ ನೀರಿಗೆ ಆಸಿಡ್ ಬಿಟ್ಟರು, ಗಾಜಿನ ಕಡ್ಡಿಯಿಂದ ಕಲಕಿದರು. ಸರ್ ಒಂದು ಬೀಕರಿನ ಹೊರಮೈ ಮುಟ್ಟಿ ನೋಡಿದರು. ಬೆಚ್ಚಗಿತ್ತು. ಆಸಿಡ್ ಬೆರೆತಾಗ ಏಳುವ ಕಾವನ್ನು ನೀರು ಸಮಾಧಾನವಾಗಿ ನುಂಗಿತ್ತು. ಉಲ್ಟಾ ಆಗಿದ್ದರೆ ಎಂದು ನೆನೆದು ಅವರ ಕಣ್ಣು ಒದ್ದೆಯಾಯಿತು. ದಿನಾ ಮಕ್ಕಳಿಂದ ನಮಸ್ಕಾರ ತೆಗೆದುಕೊಳ್ಳುತ್ತಿದ್ದ ಆ ಹಿರಿಯರು, ಕೊನೆಯ ಟೇಬಲ್ಲಿನ ಹತ್ತಿರ ಹೋಗಿ ಮುಬೀನಾಗೆ ಕೈಮುಗಿದರು.

“ಅಯ್ಯ, ಬ್ಯಾಡ್ರಿ ಸರ್!” ಎಂದು ಅವಳು ಹಿಂದೆ ಸರಿದಳು.

“ಇರ್ಲಿ ತಂಗಿ. ನೀ ಕೇಳಿದ್ದು ದೊಡ್ಡ ಉಪಕಾರ ಆತು” ಎಂದರು ಸರ್.

ಅಂದು ಮಧ್ಯಾಹ್ನ ಗ್ರೂಪಿನಲ್ಲಿ ಮೊದಲ ಬಾರಿಗೆ ವಿದ್ಯಾರ್ಥಿಯೊಬ್ಬಳ ಸಾಲು ಕಾಣಿಸಿತು. ಮುಬೀನಾ ಬರೆದಿದ್ದಳು: ‘ಸರ್, ಆಸಿಡ್ಡಿಗೆ ನೀರು ಹಾಕಿದ್ರ ಯಾಕ ಸಿಡೀತೈತ್ರಿ?’ ಅದರ ಹಿಂದೆಯೇ ಇನ್ನೊಂದು ಪ್ರಶ್ನೆ, ಮತ್ತೊಂದು. ಉತ್ತರ ಹೇಳುತ್ತ ಕೂತ ಮೇಟಿ ಸರ್ ಊಟವನ್ನೇ ಮರೆತರು. ಸಂಜೆ ಚಹಾ ಬಂದಾಗ ಅಭ್ಯಾಸಬಲದಿಂದ ಎಣಿಸಿದರು. ಹೆಬ್ಬೆರಳು ಒಂದೂ ಇರಲಿಲ್ಲ. ಪ್ರಶ್ನೆಗಳು ಹದಿನೇಳು ಇದ್ದವು.

ನೀತಿ: ಹೊಸ ಸಾಧನ ಗುರುವಿನ ಮಾತನ್ನು ನೂರು ಮನೆಗೆ ಮುಟ್ಟಿಸುತ್ತದೆ, ಗುರುವಿನ ತಪ್ಪನ್ನೂ ಅಷ್ಟೇ ಬೇಗ ಮುಟ್ಟಿಸುತ್ತದೆ. ಆದ್ದರಿಂದ ಕಲಿಸುವವರು ಮಕ್ಕಳು ಪ್ರಶ್ನೆ ಕೇಳುವ ದಾರಿಯನ್ನು ಮುಚ್ಚಬಾರದು. ‘ನನಗೆ ಅರ್ಥವಾಗಲಿಲ್ಲ’ ಎಂದು ಧೈರ್ಯ ಮಾಡಿ ಹೇಳಿದವರಿಗೆ ಸಿಟ್ಟು ತೋರದೆ, ಕೃತಜ್ಞರಾಗಿರಬೇಕು.